ಮ್ಯಾಗ್ನೆಟ್ ಆರಿಸಿದಾಗ ಮಾಯವಾದ ಸಿಗ್ನಲ್: ಒಂದು ಆಕ್ಸಿಯಾನ್ ಹುಡುಕಾಟದ ಪ್ರಕರಣ ಅಧ್ಯಯನ

ಕಪ್ಪು ದ್ರವ್ಯದ ಕಣವನ್ನು ಲ್ಯಾಬ್‌ನಲ್ಲಿ ಹುಡುಕುತ್ತಿದ್ದ ಒಂದು ಸಣ್ಣ ತಂಡಕ್ಕೆ ಎದುರಾದ ಸನ್ನಿವೇಶ ಇದು. ತಂಡ ಯಾವುದು, ಯಾವ ದೇಶದ್ದು, ಯಾವಾಗ ನಡೆದದ್ದು ಎಂಬುದನ್ನೆಲ್ಲ ಬಿಟ್ಟಿದ್ದೇನೆ. ಸಿಗ್ನಲ್ ಕಂಡ ಆವರ್ತನವನ್ನೂ ಬದಲಿಸಿ, ಲೆಕ್ಕ ಸುಲಭವಾಗಲಿ ಅಂತ 1 ಗಿಗಾಹರ್ಟ್ಸ್ ಎಂದು ಇಟ್ಟುಕೊಂಡಿದ್ದೇನೆ. ಮುಂದೆ ಬರುವ ಲೆಕ್ಕಗಳೆಲ್ಲ ಆ ಆವರ್ತನಕ್ಕೆ ಹೊಂದುವಂಥವು. ಯಾವ ಹಂತದಲ್ಲಿ ಯಾರು ಏನನ್ನು ನಂಬಿದರು, ಯಾಕೆ ನಂಬಿದರು ಎಂಬುದನ್ನು ಮಾತ್ರ ಇದ್ದ ಹಾಗೇ ಬರೆದಿದ್ದೇನೆ.

ಹಿನ್ನೆಲೆ

ಗೆಲಾಕ್ಸಿಗಳ ಅಂಚಿನಲ್ಲಿರುವ ನಕ್ಷತ್ರಗಳು ತುಂಬಾ ಜೋರಾಗಿ ಸುತ್ತುತ್ತವೆ. ಕಣ್ಣಿಗೆ ಕಾಣುವ ದ್ರವ್ಯದ ಸೆಳೆತ ಅಷ್ಟು ವೇಗವನ್ನು ಹಿಡಿದಿಡಲು ಸಾಲದು. ಇಂಥ ಹಲವು ಸುಳಿವುಗಳನ್ನು ಸೇರಿಸಿ ನೋಡಿದರೆ, ಬ್ರಹ್ಮಾಂಡದ ಒಟ್ಟು ದ್ರವ್ಯದಲ್ಲಿ ಸುಮಾರು 85% ನಮಗೆ ಕಾಣದೇ ಇರುವಂಥದ್ದು. ಇದನ್ನೇ ಕಪ್ಪು ದ್ರವ್ಯ ಅನ್ನುತ್ತಾರೆ. ಅದು ಯಾವುದರಿಂದ ಆಗಿದೆ ಅಂತ ಇವತ್ತಿಗೂ ಯಾರಿಗೂ ಗೊತ್ತಿಲ್ಲ.

ಆಕ್ಸಿಯಾನ್ ಎಂಬ, ಇನ್ನೂ ಊಹೆಯಲ್ಲೇ ಇರುವ ಕಣ ಅದಕ್ಕೆ ಒಂದು ಒಳ್ಳೆಯ ಉತ್ತರ ಆಗಬಹುದು. ಮೊದಲು ಈ ಕಣವನ್ನು ಊಹಿಸಿದ್ದು ಕಪ್ಪು ದ್ರವ್ಯಕ್ಕಾಗಿ ಅಲ್ಲವೇ ಅಲ್ಲ. ನ್ಯೂಟ್ರಾನ್‌ನೊಳಗಿನ ವಿದ್ಯುತ್ ಚಾರ್ಜ್ ಒಂದು ಬದಿಗೆ ಸ್ವಲ್ಪ ವಾಲಿರಬೇಕಿತ್ತು, ಆದರೆ ಎಷ್ಟು ಸೂಕ್ಷ್ಮವಾಗಿ ಅಳೆದರೂ ವಾಲಿದ್ದು ಕಾಣಲಿಲ್ಲ. ಈ ಒಗಟಿಗೆ 1977ರಲ್ಲಿ ರಾಬರ್ಟೊ ಪೆಚ್ಚೈ ಮತ್ತು ಹೆಲೆನ್ ಕ್ವಿನ್ ಒಂದು ಉತ್ತರ ಕೊಟ್ಟರು. ಆ ಉತ್ತರ ಸರಿಯಾಗಿದ್ದರೆ ಹೊಸದೊಂದು ಹಗುರ ಕಣ ಇರಲೇಬೇಕು ಅಂತ 1978ರಲ್ಲಿ ಸ್ಟೀವನ್ ವೈನ್‌ಬರ್ಗ್ ಮತ್ತು ಫ್ರಾಂಕ್ ವಿಲ್ಚೆಕ್ ಬೇರೆ ಬೇರೆಯಾಗಿ ತೋರಿಸಿದರು. ಆ ಕಣವೇ ಕಪ್ಪು ದ್ರವ್ಯವೂ ಆಗಿರಬಹುದು ಎಂಬ ಆಲೋಚನೆ ಬಂದದ್ದು ಆಮೇಲೆ.

ಹುಡುಕುವ ದಾರಿಯನ್ನು 1983ರಲ್ಲಿ ಪಿಯರ್ ಸಿಕಿವಿ ಸೂಚಿಸಿದರು. ಬಲವಾದ ಕಾಂತಕ್ಷೇತ್ರದಲ್ಲಿ ಆಕ್ಸಿಯಾನ್ ಒಂದು ರೇಡಿಯೊ ಫೋಟಾನ್, ಅಂದರೆ ರೇಡಿಯೊ ಅಲೆಯ ಒಂದು ಕಣ, ಆಗಿ ಬದಲಾಗಬಲ್ಲದು. ತಾಮ್ರದ ಒಂದು ಟೊಳ್ಳು ಸಿಲಿಂಡರ್ ಅನ್ನು ಆ ಕ್ಷೇತ್ರದೊಳಗೆ ಇಟ್ಟು, ಅದರ ಅನುರಣನ ಆವರ್ತನವನ್ನು (ಒಳಗಿನ ಅಲೆ ತಾನಾಗಿ ಬಲವಾಗಿ ಕಂಪಿಸುವ ಆವರ್ತನವನ್ನು) ಆ ಫೋಟಾನ್‌ನ ಆವರ್ತನಕ್ಕೆ ಸರಿಯಾಗಿ ಹೊಂದಿಸಿದರೆ, ಸಿಲಿಂಡರ್‌ನೊಳಗೆ ಆ ಶಕ್ತಿ ಸೇರಿಕೊಂಡು ಬೆಳೆಯುತ್ತದೆ. ಈ ಸಿಲಿಂಡರ್‌ಗೆ ಕ್ಯಾವಿಟಿ ಅಂತಾರೆ. ಹಳೆಯ ರೇಡಿಯೊದಲ್ಲಿ ಗುಂಡಿ ತಿರುಗಿಸುತ್ತಾ ಸ್ಟೇಷನ್ ಹುಡುಕಿದ ಹಾಗೆ, ಒಳಗಿನ ಲೋಹದ ಕಡ್ಡಿಗಳನ್ನು ಒಂದೊಂದು ಕೂದಲೆಳೆಯಷ್ಟು ತಿರುಗಿಸುತ್ತಾ ಆವರ್ತನ ಬದಲಿಸುತ್ತಾ ಹೋಗಬೇಕು. ಸ್ಟೇಷನ್ ಎಲ್ಲಿದೆ ಅಂತ ಮೊದಲೇ ಗೊತ್ತಿಲ್ಲ, ಯಾಕೆಂದರೆ ಆ ಆವರ್ತನವನ್ನು ತೀರ್ಮಾನಿಸುವ ಆಕ್ಸಿಯಾನ್‌ನ ತೂಕ ಗೊತ್ತಿಲ್ಲ. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿರುವ ಎಡಿಎಂಎಕ್ಸ್ ಪ್ರಯೋಗ, ಯೇಲ್‌ನ ಹೇಸ್ಟ್ಯಾಕ್ ಪ್ರಯೋಗ ಎರಡೂ ಈ ದಾರಿಯವೇ. ನಮ್ಮ ಪ್ರಕರಣದ ತಂಡವೂ ಅದೇ ದಾರಿ ಹಿಡಿದಿತ್ತು.

1 ಗಿಗಾಹರ್ಟ್ಸ್ ಎಂದರೆ ಆಕ್ಸಿಯಾನ್‌ನ ತೂಕ ಸುಮಾರು 4.1 ಮೈಕ್ರೊ ಎಲೆಕ್ಟ್ರಾನ್ ವೋಲ್ಟ್ (ಕಣಗಳ ತೂಕವನ್ನು ಶಕ್ತಿಯ ಈ ಅಳತೆಯಲ್ಲೇ ಹೇಳುತ್ತಾರೆ). ಎಲೆಕ್ಟ್ರಾನ್‌ಗಿಂತ ಸುಮಾರು ಹನ್ನೆರಡು ಸಾವಿರ ಕೋಟಿ ಪಟ್ಟು ಹಗುರ. ಕಪ್ಪು ದ್ರವ್ಯವೆಲ್ಲ ಇಂಥ ಕಣಗಳೇ ಆಗಿದ್ದರೆ, ನಾವಿರುವ ಕಡೆ ಒಂದು ಘನ ಸೆಂಟಿಮೀಟರ್ ಜಾಗದಲ್ಲಿ ಸುಮಾರು ಒಂದು ಕೋಟಿ ಕೋಟಿ ಆಕ್ಸಿಯಾನ್‌ಗಳು ಇರಬೇಕು. ಅಷ್ಟಿದ್ದರೂ ಕ್ಯಾವಿಟಿಯಲ್ಲಿ ಸಿಗುವ ಶಕ್ತಿ 10⁻²³ ವ್ಯಾಟ್‌ನ ಆಸುಪಾಸು.

ಇದು ಎಷ್ಟು ಕಡಿಮೆ ಅಂತ ತಿಳಿಯಲು ಒಂದು ಸಣ್ಣ ಲೆಕ್ಕ ಸಾಕು. ಇಡೀ ಉಪಕರಣವನ್ನು ತಣ್ಣಗೆ ಮಾಡಿ, ಅದರ ಒಟ್ಟು ಗದ್ದಲವನ್ನು (ಬಿಸಿಯಿಂದಲೂ ಉಪಕರಣದಿಂದಲೂ ಹುಟ್ಟುವ ಬೇಡದ ಸಿಗ್ನಲ್ ಅನ್ನು; ಅದನ್ನು ತಾಪಮಾನದ ಲೆಕ್ಕದಲ್ಲೇ ಹೇಳುತ್ತಾರೆ) 1 ಕೆಲ್ವಿನ್‌ಗೆ ಇಳಿಸಿದ್ದೀರಿ ಅಂದುಕೊಳ್ಳಿ. ಆಕ್ಸಿಯಾನ್ ಸಿಗ್ನಲ್‌ನ ಅಗಲ ಆವರ್ತನದ ಹತ್ತು ಲಕ್ಷದಲ್ಲಿ ಒಂದು ಭಾಗದಷ್ಟು, ಅಂದರೆ ಇಲ್ಲಿ ಸುಮಾರು 1 ಕಿಲೊಹರ್ಟ್ಸ್. ಅಷ್ಟು ಅಗಲದೊಳಗೆ ಇರುವ ಗದ್ದಲವೇ ಸಿಗ್ನಲ್‌ಗಿಂತ ಸಾವಿರ ಪಟ್ಟು ಜಾಸ್ತಿ. ಹಾಗಾಗಿ ತುಂಬಾ ಹೊತ್ತು ಅಳೆದು ಸರಾಸರಿ ತೆಗೆಯಬೇಕು. ಗದ್ದಲದ ಏರಿಳಿತಕ್ಕೆ ಸಮನಾಗಿ ಸಿಗ್ನಲ್ ಏಳಲು ಸಾವಿರ ಸೆಕೆಂಡು ಬೇಕು. ಅದರ ಐದು ಪಟ್ಟು ಏಳಲು ಐದರ ವರ್ಗದಷ್ಟು, ಅಂದರೆ ಇಪ್ಪತ್ತೈದು ಪಟ್ಟು ಸಮಯ ಬೇಕು, ಹೆಚ್ಚುಕಡಿಮೆ ಏಳು ಗಂಟೆ. ಅದೂ ಒಂದೇ ಒಂದು ಆವರ್ತನಕ್ಕೆ!

ಸಮಸ್ಯೆ ಶುರುವಾದದ್ದು

ತಂಡ ಮೊದಲ ಸುತ್ತಿನ ಸ್ಕ್ಯಾನ್ ಮುಗಿಸಿದಾಗ ಕೆಲವು ಕಡೆ ಸಣ್ಣ ಏರುಗಳು ಕಂಡವು. ಇದು ಎಲ್ಲರಿಗೂ ಆಗುವುದೇ. ಆವರ್ತನವನ್ನು ಸಣ್ಣ ಸಣ್ಣ ಮನೆಗಳಾಗಿ ಹಂಚಿ, ಅಂಥ ಹತ್ತು ಲಕ್ಷ ಮನೆಗಳನ್ನು ನೋಡಿದರೆ, ಬರೀ ಗದ್ದಲದಿಂದಲೇ ಸುಮಾರು 1,350 ಮನೆಗಳು ಮೂರು ಸಿಗ್ಮಾ, ಅಂದರೆ ಗದ್ದಲದ ಸಾಮಾನ್ಯ ಏರಿಳಿತದ ಮೂರು ಪಟ್ಟು, ದಾಟಿರುತ್ತವೆ. ಅದಕ್ಕೇ ಏರು ಕಂಡ ಕಡೆಗೆಲ್ಲ ವಾಪಸ್ ಹೋಗಿ ಮತ್ತೆ ಅಳೆಯುತ್ತಾರೆ. ಆಕಸ್ಮಿಕ ಏರುಗಳು ಎರಡನೇ ಸಲ ಕರಗಿ ಹೋಗುತ್ತವೆ.

ಒಂದು ಏರು ಮಾತ್ರ ಕರಗಲಿಲ್ಲ. ಹೆಚ್ಚು ಹೊತ್ತು ಅಳೆದಷ್ಟೂ ಅದು ಗದ್ದಲದಿಂದ ಇನ್ನೂ ಎದ್ದು ನಿಂತಿತು. ಅದರ ಅಗಲ ಕೂಡ ಆಕ್ಸಿಯಾನ್‌ಗೆ ಇರಬೇಕಾದಷ್ಟೇ ಇತ್ತು. ಶಕ್ತಿ ಸಿದ್ಧಾಂತ ಹೇಳುವುದಕ್ಕಿಂತ ಸ್ವಲ್ಪ ಜಾಸ್ತಿ ಇತ್ತು, ನಿಜ. ಆದರೆ ನಾವಿರುವ ಜಾಗದಲ್ಲಿ ಕಪ್ಪು ದ್ರವ್ಯದ ಸಾಂದ್ರತೆ ಎಷ್ಟು ಅನ್ನುವುದೇ ಒಂದು ಅಂದಾಜು. ಕೆಲವರು ಒಂದು ಘನ ಸೆಂಟಿಮೀಟರ್‌ಗೆ 0.3 ಗಿಗಾ ಎಲೆಕ್ಟ್ರಾನ್ ವೋಲ್ಟ್ ಅನ್ನುತ್ತಾರೆ, ಕೆಲವರು 0.45 ಹಿಡಿಯುತ್ತಾರೆ. ಸಾಂದ್ರತೆಯನ್ನು ಸ್ವಲ್ಪ ಎಳೆದರೆ ಎಲ್ಲ ಹೊಂದಿಕೊಳ್ಳುತ್ತಿತ್ತು. ಹೀಗೆ ಎಳೆದು ಹೊಂದಿಸುವ ಅವಕಾಶ ಇರುವ ಕಡೆ ಜಾಸ್ತಿ ಹುಷಾರಾಗಿರಬೇಕು ಅಂತ ನನಗನ್ನಿಸುತ್ತದೆ.

ಒಂದಾದ ಮೇಲೊಂದು ಪರೀಕ್ಷೆ

ಮೊದಲು ಕ್ಯಾವಿಟಿಯ ಅನುರಣನವನ್ನು ಆ ಆವರ್ತನದಿಂದ ಸ್ವಲ್ಪ ಸ್ವಲ್ಪವೇ ಸರಿಸಿದರು. ಏರು ಹೊರಗಿನಿಂದ ಸೀದಾ ಆಂಪ್ಲಿಫೈಯರ್‌ಗೆ ನುಗ್ಗುತ್ತಿದ್ದರೆ ಕ್ಯಾವಿಟಿ ಎಲ್ಲಿದ್ದರೂ ಅದು ಒಂದೇ ಥರ ಇರಬೇಕಿತ್ತು. ಹಾಗೆ ಇರಲಿಲ್ಲ. ಕ್ಯಾವಿಟಿ ದೂರ ಸರಿದಂತೆ ಏರು ಕುಗ್ಗಿತು, ಹತ್ತಿರ ಬಂದಂತೆ ಬೆಳೆಯಿತು. ಅಂದರೆ ಸಿಗ್ನಲ್ ಕ್ಯಾವಿಟಿಯ ಒಳಗಿಂದಲೇ ಬರುತ್ತಿದೆ. ತಂಡದಲ್ಲಿ ಅನುಮಾನ ಜಾಸ್ತಿ ಇಟ್ಟುಕೊಂಡಿದ್ದವರೂ ಇದನ್ನು ನೋಡಿ ಸ್ವಲ್ಪ ಮೆತ್ತಗಾದರು.

ಆಮೇಲೆ ಹಾಲ್‌ನಲ್ಲಿ ಒಂದು ಆಂಟೆನಾ ಇಟ್ಟು, ಅದೇ ಆವರ್ತನದಲ್ಲಿ ಹೊರಗೆ ಏನಾದರೂ ರೇಡಿಯೊ ಅಲೆ ಓಡಾಡುತ್ತಿದೆಯಾ ಅಂತ ಕೇಳಿದರು. ಏನೂ ಇರಲಿಲ್ಲ.

ಉಳಿದದ್ದು ನಕಲಿ ಸಿಗ್ನಲ್‌ನ ಅನುಮಾನ. ಇಂಥ ಪ್ರಯೋಗಗಳಲ್ಲಿ ತಂಡದ ಒಬ್ಬಿಬ್ಬರು ಉಳಿದವರಿಗೆ ಹೇಳದೆ, ಆಕ್ಸಿಯಾನ್‌ನಂತೆಯೇ ಕಾಣುವ ಕೃತಕ ಸಿಗ್ನಲ್ ಒಂದನ್ನು ಕ್ಯಾವಿಟಿಗೆ ಬಿಡುವ ಪದ್ಧತಿ ಇದೆ. ವಿಶ್ಲೇಷಣೆ ಮಾಡುವವರು ಅದನ್ನು ಹಿಡಿಯುತ್ತಾರಾ ಅಂತ ನೋಡಲು. ಎಡಿಎಂಎಕ್ಸ್‌ನಲ್ಲಿ ಹೀಗೆ ಬಿಟ್ಟ ಒಂದು ಸಿಗ್ನಲ್ ಬಹುತೇಕ ಎಲ್ಲ ಪರೀಕ್ಷೆ ದಾಟಿದ ಮೇಲೆ, ಅದು ತಾವೇ ಬಿಟ್ಟದ್ದು ಅಂತ ಬಯಲು ಮಾಡಿದ್ದುಂಟು. ಇಲ್ಲೂ ಆ ಜವಾಬ್ದಾರಿ ಇದ್ದವರನ್ನು ಕೇಳಿದರು. ಅವರು ದಾಖಲೆ ತೆಗೆದು ತೋರಿಸಿದರು. ಆ ಆವರ್ತನದಲ್ಲಿ ಏನನ್ನೂ ಬಿಟ್ಟಿರಲಿಲ್ಲ.

ಅವತ್ತಿನಿಂದ ಲ್ಯಾಬ್‌ನ ವಾತಾವರಣವೇ ಬದಲಾಯಿತು. ಇಷ್ಟು ವರ್ಷ ಗದ್ದಲವನ್ನೇ ಅಳೆಯುತ್ತಾ ಬಂದವರಿಗೆ ಎದುರಿಗೆ ಏನೋ ನಿಂತಿದೆ ಅಂತ ಅನ್ನಿಸಿದಾಗ ಎದೆ ಹೊಡೆದುಕೊಳ್ಳದೆ ಇರುತ್ತದಾ?

ದೊಡ್ಡ ಪರೀಕ್ಷೆ

ಉಳಿದದ್ದು ಮ್ಯಾಗ್ನೆಟ್. ಕಾಂತಕ್ಷೇತ್ರ ಇಲ್ಲದಿದ್ದರೆ ಆಕ್ಸಿಯಾನ್ ಫೋಟಾನ್ ಆಗುವುದಿಲ್ಲ, ಸಿಗ್ನಲ್ ಇರಬಾರದು. ಆದರೆ ಸೂಪರ್‌ಕಂಡಕ್ಟಿಂಗ್ ಮ್ಯಾಗ್ನೆಟ್ ಅನ್ನು ಸುಮ್ನೆ ಸ್ವಿಚ್ ಒತ್ತಿ ಆರಿಸಲು ಆಗದು. ಅದರೊಳಗೆ ಅಪಾರ ಶಕ್ತಿ ಕೂಡಿರುತ್ತದೆ. ಕರೆಂಟ್ ಅನ್ನು ನಿಧಾನವಾಗಿ, ಗಂಟೆಗಟ್ಟಲೆ ಇಳಿಸಬೇಕು. ಎಡವಟ್ಟಾದರೆ ಸುರುಳಿ ತನ್ನ ಸೂಪರ್‌ಕಂಡಕ್ಟಿಂಗ್ ಗುಣವನ್ನೇ ಕಳೆದುಕೊಂಡು, ದ್ರವ ಹೀಲಿಯಂ ಎಲ್ಲ ಕುದಿದು ಆವಿಯಾಗಿ ಹೋಗಬಹುದು. ಹಾಗಾಗಿ ಈ ಪರೀಕ್ಷೆಯನ್ನು ಕೊನೆಗೆ ಇಟ್ಟುಕೊಳ್ಳುವುದು ವಾಡಿಕೆ.

ಸಭೆಯಲ್ಲಿ ಎರಡು ಅಭಿಪ್ರಾಯ ಬಂದವು. ಕ್ಷೇತ್ರವನ್ನು ಅರ್ಧಕ್ಕೆ ಇಳಿಸೋಣ ಅಂತ ಒಬ್ಬರು ಹೇಳಿದರು. ಪೂರ್ತಿ ಸೊನ್ನೆಗೆ ಇಳಿಸೋಣ, ಇದೆಯೋ ಇಲ್ಲವೋ ಸ್ಪಷ್ಟವಾಗಲಿ ಅಂತ ಉಳಿದವರು ಹೇಳಿದರು. ಅರ್ಧಕ್ಕೆ ಇಳಿಸಿದರೆ ಸಿಗ್ನಲ್ ಕಾಲು ಭಾಗಕ್ಕೆ ಇಳಿಯುತ್ತದೆ, ಯಾಕೆಂದರೆ ಶಕ್ತಿ ಕ್ಷೇತ್ರದ ವರ್ಗಕ್ಕೆ ತಕ್ಕಂತೆ ಬದಲಾಗುತ್ತದೆ. ಕಾಲು ಭಾಗದ ಸಿಗ್ನಲ್ ಅನ್ನು ಮೊದಲಿನಷ್ಟೇ ಖಚಿತವಾಗಿ ಅಳೆಯಲು ಹದಿನಾರು ಪಟ್ಟು ಸಮಯ ಬೇಕು. ಅಷ್ಟು ಸಮಯ ಯಾಕೆ ಹಾಳು ಮಾಡಬೇಕು ಅನ್ನುವ ವಾದ ಗೆದ್ದಿತು. ಪೂರ್ತಿ ಆರಿಸಲು ತೀರ್ಮಾನವಾಯಿತು.

ಮ್ಯಾಗ್ನೆಟ್ ಸೊನ್ನೆಗೆ ಬಂತು. ಅಳೆದರು. ಏರು ಇರಲಿಲ್ಲ. ಎಷ್ಟು ಹೊತ್ತು ಅಳೆದರೂ ಬರಲಿಲ್ಲ. ಮತ್ತೆ ಮ್ಯಾಗ್ನೆಟ್ ಹತ್ತಿಸಿ ಪೂರ್ತಿ ಕ್ಷೇತ್ರಕ್ಕೆ ತಂದರು. ಏರು ಅದೇ ಜಾಗದಲ್ಲಿ ವಾಪಸ್ ಬಂತು.

ಈ ಫಲಿತಾಂಶವನ್ನು ಅವತ್ತು ನೋಡಿದ್ದರೆ ಯಾರಾದರೂ ನಂಬುತ್ತಿದ್ದರು. ಪಠ್ಯಪುಸ್ತಕದಲ್ಲಿ ಆಕ್ಸಿಯಾನ್ ಹೇಗೆ ನಡೆದುಕೊಳ್ಳಬೇಕು ಅಂತ ಬರೆದಿದೆಯೋ ಅದು ಹಾಗೇ ನಡೆದುಕೊಂಡಿತ್ತು. ಲೇಖನದ ಕರಡು ಶುರುವಾಯಿತು.

ತಿರುವು

ತಂಡದಲ್ಲಿ ಒಬ್ಬ ಕಿರಿಯ ಸಂಶೋಧಕಿ ಇದ್ದರು. ಕರಡಿಗೆ ಚಿತ್ರಗಳನ್ನು ಸಿದ್ಧ ಮಾಡುವ ಕೆಲಸ ಅವರದ್ದು. ತುಂಬಾ ಹೊತ್ತು ತೆಗೆದ ಅಳತೆಯನ್ನು ಸಣ್ಣ ಸಣ್ಣ ಅವಧಿಯ ತುಂಡು ಮಾಡಿ ನೋಡುವಾಗ, ಏರಿನ ನೆತ್ತಿ ಹಗಲು ಒಂದು ಕಡೆ, ರಾತ್ರಿ ಒಂದು ಕಡೆ ಸರಿಯುತ್ತಿರುವುದು ಅವರ ಕಣ್ಣಿಗೆ ಬಿತ್ತು. ಸರಿಯುತ್ತಿದ್ದದ್ದು ಕೆಲವು ನೂರು ಹರ್ಟ್ಸ್.

ಇದನ್ನು ಕೇಳಿದ ಕೂಡಲೇ ಒಬ್ಬ ಹಿರಿಯರು ಖುಷಿಪಟ್ಟರು. ಭೂಮಿ ತನ್ನ ಸುತ್ತ ತಿರುಗುವುದರಿಂದ ಕಪ್ಪು ದ್ರವ್ಯದ ಗಾಳಿಗೆ ಎದುರಾಗಿ ನಾವು ಸಾಗುವ ವೇಗ ದಿನಕ್ಕೊಮ್ಮೆ ಏರಿಳಿಯುತ್ತದೆ, ಅದರ ಗುರುತೇ ಇದು ಅಂತ ಅವರ ಎಣಿಕೆ. ಸಂಶೋಧಕಿ ಅಲ್ಲೇ ಲೆಕ್ಕ ಹಾಕಿ ತೋರಿಸಿದರು. ನಾವು ಗೆಲಾಕ್ಸಿಯೊಳಗೆ ಸೆಕೆಂಡಿಗೆ ಸುಮಾರು 230 ಕಿಲೊಮೀಟರ್ ವೇಗದಲ್ಲಿ ಸಾಗುತ್ತೇವೆ. ಭೂಮಿಯ ಸ್ವಂತ ತಿರುಗುವಿಕೆ ಸಮಭಾಜಕದಲ್ಲೂ ಸೆಕೆಂಡಿಗೆ 0.46 ಕಿಲೊಮೀಟರ್ ಮಾತ್ರ. ಇದರಿಂದ 1 ಗಿಗಾಹರ್ಟ್ಸ್‌ನಲ್ಲಿ ಆಗುವ ಸರಿತ ಹೆಚ್ಚೆಂದರೆ 1 ಹರ್ಟ್ಸ್‌ನ ಆಸುಪಾಸು. ಸೂರ್ಯನ ಸುತ್ತ ಸುತ್ತುವುದರಿಂದ ವರ್ಷದಲ್ಲಿ ಆಗುವ ಸರಿತ ಕೂಡ ಕೆಲವು ಹತ್ತು ಹರ್ಟ್ಸ್ ಅಷ್ಟೆ. ನೂರಾರು ಹರ್ಟ್ಸ್ ಹಗಲು ರಾತ್ರಿ ಓಡಾಡುವ ಆಕ್ಸಿಯಾನ್ ಇರಲು ಸಾಧ್ಯವೇ ಇಲ್ಲ.

ಹಾಗಾದರೆ ಹೀಗೆ ಓಡಾಡುವುದು ಯಾವುದು? ಕೋಣೆಯ ಬಿಸಿಗೆ ತಕ್ಕಂತೆ ಸ್ವಲ್ಪ ಸರಿಯುವ ಸ್ಫಟಿಕದ ಗಡಿಯಾರ. ಎಲ್ಲ ಡಿಜಿಟಲ್ ಉಪಕರಣಗಳಲ್ಲೂ ಅಂಥದ್ದೊಂದು ಇರುತ್ತದೆ. ಬಿಸಿಗೆ ಅದರ ಆವರ್ತನ ಹತ್ತು ಲಕ್ಷದಲ್ಲಿ ಒಂದು ಭಾಗಕ್ಕಿಂತ ಕಡಿಮೆ ಅಲ್ಲಾಡಿದರೂ ಸಾಕು, 1 ಗಿಗಾಹರ್ಟ್ಸ್‌ನಲ್ಲಿ ಅದು ನೂರಾರು ಹರ್ಟ್ಸ್ ಆಗಿಬಿಡುತ್ತದೆ. ಆದರೆ ಉಪಕರಣದಿಂದ ಬರುವ ಗದ್ದಲವಾದರೆ ಮ್ಯಾಗ್ನೆಟ್ ಆರಿಸಿದಾಗ ಯಾಕೆ ಹೋಯಿತು? ಇಲ್ಲಿ ಆ ಸಂಶೋಧಕಿ ಕೇಳಿದ ಪ್ರಶ್ನೆಯೇ ಇಡೀ ಪ್ರಕರಣದ ಮುಖ್ಯ ತಿರುವು: ಮ್ಯಾಗ್ನೆಟ್ ಆರಿಸಿದಾಗ, ಮ್ಯಾಗ್ನೆಟ್ ಜೊತೆ ಇನ್ನೇನೇನು ಆರಿತ್ತು?

ಲಾಗ್ ಪುಸ್ತಕ ತೆಗೆದರು. ಉತ್ತರ ಅಲ್ಲೇ ಬರೆದಿತ್ತು. ಕ್ಷೇತ್ರ ಸೊನ್ನೆಗೆ ಬಂದ ಮೇಲೆ ಸುರಕ್ಷತೆಗಾಗಿ ಮ್ಯಾಗ್ನೆಟ್‌ನ ಪವರ್ ಸಪ್ಲೈ ಮತ್ತು ಅದರ ಕಂಟ್ರೋಲರ್ ಎರಡನ್ನೂ ಆಫ್ ಮಾಡಿದ್ದರು. ನಿಯಮದ ಪ್ರಕಾರ ಸರಿಯಾಗಿಯೇ ಮಾಡಿದ್ದರು.

ಇಲ್ಲಿ ತಂಡದ ಮುಖ್ಯಸ್ಥರು ತೆಗೆದುಕೊಂಡ ತೀರ್ಮಾನವನ್ನು ನಾನು ತುಂಬಾ ಮೆಚ್ಚುತ್ತೇನೆ. ಕರಡು ನಿಲ್ಲಿಸಿದರು. ಹೊರಗೆ ಯಾರಿಗೂ ಒಂದು ಮಾತೂ ಹೇಳಬಾರದು ಅಂದರು. ಮೊದಲು ಬದಿಗಿಟ್ಟಿದ್ದ ಅರ್ಧ ಕ್ಷೇತ್ರದ ಪರೀಕ್ಷೆಯನ್ನು ಮತ್ತೆ ಮುಂದಕ್ಕೆ ತಂದರು. ಅಷ್ಟೇ ಅಲ್ಲ, ಅಳೆಯುವ ಮೊದಲೇ ಎಲ್ಲರೂ ಕೂತು ಒಂದು ಪುಟ ಬರೆಯಬೇಕು ಅಂದರು: ಆಕ್ಸಿಯಾನ್ ಆದರೆ ಏರು ಕಾಲು ಭಾಗ ಆಗಬೇಕು, ಗದ್ದಲವಾದರೆ ಹಾಗೇ ಇರಬೇಕು, ಇವೆರಡರ ನಡುವೆ ಬಂದರೆ ಮುಂದೇನು ಮಾಡುವುದು. ಎಲ್ಲರೂ ಸಹಿ ಹಾಕಿದರು. ಫಲಿತಾಂಶ ಬಂದ ಮೇಲೆ ಅದಕ್ಕೊಂದು ವಿವರಣೆ ಹೆಣೆಯುವ ದಾರಿಯನ್ನು ಆ ಒಂದು ಪುಟ ಮುಚ್ಚಿತು.

ಹದಿನಾರು ಪಟ್ಟು ಸಮಯದ ಭಯವೂ ಪೂರ್ತಿ ಸರಿಯಾಗಿರಲಿಲ್ಲ. ಕಾಲು ಭಾಗವನ್ನು ಖಚಿತವಾಗಿ ಅಳೆಯಲು ಅಷ್ಟು ಸಮಯ ಬೇಕು, ನಿಜ. ಆದರೆ ಏರು ಕುಗ್ಗಿದೆಯೋ ಇಲ್ಲವೋ ಅಂತ ತಿಳಿಯಲು ಮೊದಲಿನಷ್ಟೇ ಸಮಯ ಸಾಕಾಗುತ್ತದೆ.

ಏನಾಯಿತು

ಅರ್ಧ ಕ್ಷೇತ್ರದಲ್ಲಿ ಏರು ಮೊದಲಿನಷ್ಟೇ ಇತ್ತು. ಅಲ್ಲಿಗೆ ಆಕ್ಸಿಯಾನ್ ಅಲ್ಲ ಅನ್ನುವುದು ತೀರ್ಮಾನವಾಯಿತು. ಆಮೇಲೆ ಕ್ಷೇತ್ರವನ್ನು ಸೊನ್ನೆಗೆ ಇಳಿಸಿ, ಈ ಸಲ ಪವರ್ ಸಪ್ಲೈಯನ್ನು ಆನ್ ಇಟ್ಟೇ ಅಳೆದರು. ಏರು ಇತ್ತು. ಸಪ್ಲೈಯ ಕಂಟ್ರೋಲರ್ ಆರಿಸಿದರು. ಹೋಯಿತು.

ದಾರಿ ಹುಡುಕಲು ಇನ್ನಷ್ಟು ಕಾಲ ಹಿಡಿಯಿತು. ಕಂಟ್ರೋಲರ್‌ನ ಗಡಿಯಾರದ ಹಲವು ಪಟ್ಟಿನ ಆವರ್ತನಗಳಲ್ಲಿ ಒಂದು ಸರಿಯಾಗಿ ಈ ಜಾಗಕ್ಕೆ ಬೀಳುತ್ತಿತ್ತು. ಅದು ಗಾಳಿಯಲ್ಲಿ ಹಬ್ಬುತ್ತಿರಲಿಲ್ಲ, ಕೇಬಲ್‌ನ ಹೊರ ಕವಚದ ಮೇಲೆ ಹರಿಯುತ್ತಿತ್ತು. ಹಾಗಾಗಿ ದೂರದಲ್ಲಿದ್ದ ಆಂಟೆನಾಗೆ ಏನೂ ಕೇಳಲಿಲ್ಲ. ಕೋಣೆಯ ಬಿಸಿಯಲ್ಲಿರುವ ಆಂಟೆನಾದ ಸ್ವಂತ ಗದ್ದಲವೇ ತಣ್ಣನೆಯ ಉಪಕರಣಕ್ಕಿಂತ ನೂರಾರು ಪಟ್ಟು ಜಾಸ್ತಿ ಇರುತ್ತದೆ. ಅದೇ ಕೇಬಲ್ ಹಾದಿಯಲ್ಲಿ, ಪಕ್ಕದಲ್ಲೇ, ಕ್ಯಾವಿಟಿಗೆ ಪರೀಕ್ಷಾ ಸಿಗ್ನಲ್ ಕಳಿಸುವ ಸಣ್ಣ ಪೋರ್ಟ್‌ನ ಕೇಬಲ್ ಕೂಡ ಹೋಗಿತ್ತು. ಅದರ ಒಂದು ಕನೆಕ್ಟರ್‌ನಲ್ಲಿ ಕವಚ ಸರಿಯಾಗಿ ಕೂತಿರಲಿಲ್ಲ. ಗದ್ದಲ ಅಲ್ಲಿಂದ ನುಸುಳಿ ಕ್ಯಾವಿಟಿಯೊಳಗೆ ಹೋಗುತ್ತಿತ್ತು. ಒಳಗೆ ಹೋದ ಮೇಲೆ ಅದು ಕ್ಯಾವಿಟಿಯ ಅನುರಣನವನ್ನು ಪಾಲಿಸಲೇಬೇಕು. ಮೊದಲ ಪರೀಕ್ಷೆಯನ್ನು ಅದು ಅಷ್ಟು ಚೆನ್ನಾಗಿ ದಾಟಿದ್ದು ಹೀಗೆ.

ಕನೆಕ್ಟರ್ ಬದಲಾಯಿಸಿದರು. ಕೇಬಲ್‌ಗಳನ್ನು ಬೇರೆ ಬೇರೆ ಹಾದಿಗೆ ಹಾಕಿದರು. ಕಂಟ್ರೋಲರ್ ಜೊತೆಗಿನ ಸಂಪರ್ಕವನ್ನು ಆಪ್ಟಿಕಲ್ ಫೈಬರ್‌ಗೆ ಬದಲಿಸಿದರು. ಆ ಆವರ್ತನವನ್ನು ಹೊಸದಾಗಿ ಸ್ಕ್ಯಾನ್ ಮಾಡಿದಾಗ ಬರೀ ಗದ್ದಲ ಇತ್ತು. ಅಲ್ಲಿ ಇಷ್ಟಕ್ಕಿಂತ ಬಲವಾದ ಆಕ್ಸಿಯಾನ್ ಇಲ್ಲ ಅನ್ನುವ ಮಿತಿಯನ್ನು ಪ್ರಕಟಿಸಿದರು. ಮೊದಲು ಕಂಡ ಏರಿನ ಕಥೆಯನ್ನೂ ಲೇಖನದಲ್ಲೇ ಬರೆದರು.

ಇದರಿಂದ ಏನು ಕಲಿಯಬಹುದು

ನಾಲ್ಕು ಪರೀಕ್ಷೆ ದಾಟಿದರೆ ನಾಲ್ಕು ಪಟ್ಟು ನಂಬಿಕೆ ಬರುತ್ತದೆ ಅಂತ ನಮಗೆ ಅನ್ನಿಸುತ್ತದೆ. ಈ ಪ್ರಕರಣದಲ್ಲಿ ಒಂದೇ ಒಂದು ಸೋರಿಕೆ ಎಲ್ಲ ಪರೀಕ್ಷೆಗಳನ್ನೂ ಒಟ್ಟಿಗೆ ದಾಟಿಸಿತ್ತು. ಪರೀಕ್ಷೆಗಳ ಸಂಖ್ಯೆ ಎಣಿಸುವ ಬದಲು, ಒಂದೊಂದೂ ಯಾವ ಕಳ್ಳನನ್ನು ಹಿಡಿಯಬಲ್ಲದು, ಯಾವ ಕಳ್ಳನನ್ನು ಬಿಟ್ಟುಬಿಡುತ್ತದೆ ಅಂತ ಪಟ್ಟಿ ಮಾಡಿದ್ದರೆ, ಕ್ಯಾವಿಟಿಗೆ ಪೋರ್ಟ್ ಮೂಲಕ ನುಗ್ಗುವ ಗದ್ದಲ ಎಲ್ಲ ಕಡೆಯೂ ತಪ್ಪಿಸಿಕೊಳ್ಳುತ್ತದೆ ಎಂಬುದು ಮೊದಲೇ ಕಾಣುತ್ತಿತ್ತು.

ಮ್ಯಾಗ್ನೆಟ್ ಪರೀಕ್ಷೆ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ಆನ್ ಮತ್ತು ಆಫ್ ಎರಡೇ ಬಿಂದುಗಳಲ್ಲಿ ಅಳೆದರೆ ಸಿಗ್ನಲ್ ಮ್ಯಾಗ್ನೆಟ್ ವ್ಯವಸ್ಥೆಗೆ ಅಂಟಿಕೊಂಡಿದೆ ಅಂತ ಮಾತ್ರ ಗೊತ್ತಾಗುತ್ತದೆ. ಆಕ್ಸಿಯಾನ್ ಕೇಳುವುದು ಅದಕ್ಕಿಂತ ಜಾಸ್ತಿ. ಅದರ ಶಕ್ತಿ ಕ್ಷೇತ್ರದ ವರ್ಗವನ್ನು ಹಿಂಬಾಲಿಸಬೇಕು. ನಡುವಿನ ಒಂದು ಬಿಂದುವಾದರೂ ಇಲ್ಲದೆ ಆ ಮಾತನ್ನು ಪರೀಕ್ಷೆ ಮಾಡಿದಂತೆಯೇ ಆಗುವುದಿಲ್ಲ. ಅದಕ್ಕೆ ಹಿಡಿಯುವ ಸಮಯವನ್ನು ಸ್ಕ್ಯಾನ್‌ನ ವೇಳಾಪಟ್ಟಿಯಲ್ಲಿ ಮೊದಲೇ ಇಟ್ಟುಕೊಳ್ಳಬೇಕು.

ಇಂಥ ಗೊಂದಲ ಸಣ್ಣ ತಂಡಗಳಿಗೆ ಮಾತ್ರ ಬರುತ್ತದೆ ಅಂದುಕೊಳ್ಳಬೇಡಿ. ಇಟಲಿಯ ಗ್ರಾನ್ ಸಾಸೊ ಬೆಟ್ಟದ ಕೆಳಗಿನ ಲ್ಯಾಬ್‌ನಲ್ಲಿದ್ದ, ದ್ರವ ಜೆನಾನ್‌ನಲ್ಲಿ ಕಪ್ಪು ದ್ರವ್ಯ ಹುಡುಕುತ್ತಿದ್ದ ಜೆನಾನ್‌1ಟಿ ಪ್ರಯೋಗ 2020ರಲ್ಲಿ, ಕಡಿಮೆ ಶಕ್ತಿಯ ಭಾಗದಲ್ಲಿ 232 ಘಟನೆ ನಿರೀಕ್ಷಿಸಿದ್ದ ಕಡೆ 285 ಕಂಡಿತು. ಸೂರ್ಯನಿಂದ ಬರುವ ಆಕ್ಸಿಯಾನ್ ಇರಬಹುದು ಅಂತ ಬರೆದರು. ಜೊತೆಗೇ, ಜೆನಾನ್‌ನಲ್ಲಿ ಸೇರಿರಬಹುದಾದ ಅತಿ ಸಣ್ಣ ಪ್ರಮಾಣದ ಟ್ರಿಟಿಯಂ (ವಿಕಿರಣ ಸೂಸುವ ಹೈಡ್ರೋಜನ್) ಕೂಡ ಕಾರಣವಾಗಿರಬಹುದು ಅಂತ ಅದೇ ಲೇಖನದಲ್ಲಿ ಹೇಳಿದರು. 2022ರಲ್ಲಿ, ಇನ್ನೂ ಶುದ್ಧವಾದ ಜೆನಾನ್‌ಎನ್‌ಟಿ ಪ್ರಯೋಗದಲ್ಲಿ ಆ ಹೆಚ್ಚುವರಿ ಕಾಣಲೇ ಇಲ್ಲ. ಎರಡೂ ಸಾಧ್ಯತೆಯನ್ನು ಪಕ್ಕಪಕ್ಕ ಇಟ್ಟು ಬರೆದದ್ದರಿಂದ ಅವರ ಮರ್ಯಾದೆಗೆ ಏನೂ ಕಮ್ಮಿ ಆಗಲಿಲ್ಲ.

ನಮ್ಮ ಪ್ರಕರಣದ ತಂಡದಲ್ಲಿ ಒಂದು ಚರ್ಚೆ ಇನ್ನೂ ನಡೆಯುತ್ತಿದೆ. ಗುಟ್ಟಾಗಿ ಬಿಡುವ ನಕಲಿ ಸಿಗ್ನಲ್ ಹೋಗುವುದೂ ಅದೇ ಸಣ್ಣ ಪೋರ್ಟ್‌ನಿಂದಲೇ, ಗದ್ದಲ ನುಸುಳಿದ ಅದೇ ದಾರಿಯಿಂದ. ಆ ಸಿಗ್ನಲ್ ಕಾಂತಕ್ಷೇತ್ರ ಎಷ್ಟಿದ್ದರೂ ಒಂದೇ ಥರ ಇರುತ್ತದೆ. ಅಂದರೆ ಅದು ವಿಶ್ಲೇಷಣೆಯನ್ನು ಚೆನ್ನಾಗಿ ಪರೀಕ್ಷಿಸುತ್ತದೆ, ಆದರೆ ಮ್ಯಾಗ್ನೆಟ್ ಹಂತದ ತೀರ್ಮಾನಗಳನ್ನು ಪರೀಕ್ಷಿಸುವುದೇ ಇಲ್ಲ. ಕ್ಷೇತ್ರ ಬದಲಾದಂತೆ ನಕಲಿ ಸಿಗ್ನಲ್‌ನ ಬಲವನ್ನೂ ಬದಲಿಸೋಣ, ಕೆಲವು ಸಲ ವರ್ಗದ ನಿಯಮಕ್ಕೆ ಸರಿಯಾಗಿ, ಕೆಲವು ಸಲ ಬೇಕಂತಲೇ ತಪ್ಪಾಗಿ, ಅಂತ ಕಿರಿಯ ಸಂಶೋಧಕಿ ಸೂಚಿಸಿದ್ದಾರೆ. ಹಾಗೆ ಮಾಡಲು ನಕಲಿ ಸಿಗ್ನಲ್‌ನ ಯಂತ್ರಕ್ಕೆ ಮ್ಯಾಗ್ನೆಟ್‌ನ ಕರೆಂಟ್ ಎಷ್ಟಿದೆ ಅಂತ ಗೊತ್ತಾಗಬೇಕು, ಅದಕ್ಕೆ ಎರಡರ ನಡುವೆ ಇನ್ನೊಂದು ತಂತಿ ಎಳೆಯಬೇಕು ಅನ್ನುವುದು ಹಿರಿಯರ ಆಕ್ಷೇಪ. ಸದ್ಯಕ್ಕೆ ಕರೆಂಟ್‌ನ ಅಂಕಿಯನ್ನು ಒಬ್ಬರು ಕೈಯಿಂದಲೇ ನಮೂದಿಸಿ ಪ್ರಯತ್ನಿಸುತ್ತಿದ್ದಾರೆ.